ಪೀಣ್ಯ ಬಿಟ್ಟು ಹೋಗೋದಾ, ಇಲ್ಲೇ ಇರೋದಾ? ಕಾರ್ಖಾನೆ ಎಲ್ಲಿರಬೇಕು ಅಂತ ನಿಜವಾಗಿ ತೀರ್ಮಾನ ಮಾಡೋದು ಯಾವುದು?

ಪೀಣ್ಯ ಸೆಕೆಂಡ್ ಸ್ಟೇಜ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೀಣ್ಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಂದು ಸಣ್ಣ ಮಷಿನ್ ಶಾಪ್. ಮೂರು ಸಿಎನ್‌ಸಿ, ಒಂದು ವಿಎಂಸಿ (ಎರಡೂ ಕಂಪ್ಯೂಟರಲ್ಲಿ ಓಡೋ ಲೋಹ ಕಡೆಯೋ ಮಷಿನ್ನು), ಅಪ್ಪನ ಕಾಲದ ಒಂದು ಲೇತ್, ಒಂಬತ್ತು ಜನ. ಬುಷ್, ಪಿನ್, ಸಣ್ಣಪುಟ್ಟ ಶಾಫ್ಟ್, ಎಲ್ಲಾ ಬೇರೆ ಕಂಪನಿಗಳಿಗೆ ಮಾಡಿಕೊಡೋ ಜಾಬ್ ವರ್ಕ್. ಶೆಡ್ ಬಾಡಿಗೇದು. ಯುಗಾದಿಗೆ ಬಾಡಿಗೆ ಏರಿಸ್ತೀನಿ ಅಂದಿದಾರೆ ಓನರ್. ಅವರು ಹೇಳಿದ ಮೊತ್ತ ನೋಡಿದರೆ ಖಾಲಿ ಮಾಡು ಅನ್ನೋದನ್ನೇ ಮರ್ಯಾದೆಯಾಗಿ ಹೇಳಿದ ಹಾಗಿದೆ. ತುಮಕೂರು ರಸ್ತೆಯಲ್ಲಿ ಇನ್ನೂ ಐವತ್ತು ಕಿಲೋಮೀಟರ್ ಮುಂದೆ ಒಂದು ಹೊಸ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶೆಡ್ ನೋಡಿ ಬಂದೆ. ಅರ್ಧ ಬಾಡಿಗೆ, ಎರಡರಷ್ಟು ಜಾಗ, ಲಾರಿ ತಿರುಗಿಸೋಕೆ ಅಗಲವಾದ ರಸ್ತೆ.

ಮಗಳು ಎಸ್ಸೆಸ್ಸೆಲ್ಸಿ. ನಿನ್ನೆ ರಾತ್ರಿ ಪಕ್ಕದಲ್ಲೇ ಕೂತು "ಕೈಗಾರಿಕೆಗಳ ಸ್ಥಾನೀಕರಣಕ್ಕೆ ಕಾರಣವಾಗುವ ಅಂಶಗಳು" ಅಂತ ಬಾಯಿಪಾಠ ಹೊಡೀತಿದ್ಲು. ಕಚ್ಚಾವಸ್ತು, ಶಕ್ತಿ, ನೀರು, ಸಾರಿಗೆ, ಕಾರ್ಮಿಕರು, ಮಾರುಕಟ್ಟೆ, ಬಂಡವಾಳ, ಸರ್ಕಾರದ ನೀತಿ. ನಾನೂ ಪೆನ್ನು ತಗೊಂಡು ಒಂದೊಂದಕ್ಕೇ ಟಿಕ್ ಹಾಕ್ತಾ ಹೋದೆ. ಎಲ್ಲದಕ್ಕೂ ಹೊಸ ಜಾಗಕ್ಕೇ ಟಿಕ್ ಬಿತ್ತು. ಆದರೂ ಅಡ್ವಾನ್ಸ್ ಕೊಡೋಕೆ ಕೈ ಬರ್ತಿಲ್ಲ.

ಕಾರಣ ಹೇಳ್ತೀನಿ. ನನ್ನ ಪಿನ್ ಬೆಳಗ್ಗೆ ಟರ್ನಿಂಗ್ ಆಗುತ್ತೆ, ಅಂದ್ರೆ ಮಷಿನಲ್ಲಿ ತಿರುಗಿಸಿ ಕಡೆಯೋದು. ಹನ್ನೊಂದಕ್ಕೆ ಟಾಟಾ ಏಸ್ ಹತ್ತಿ ಎರಡು ರಸ್ತೆ ಆಚೆ, ಕಾಯಿಸಿ ಗಟ್ಟಿ ಮಾಡೋ ಹೀಟ್ ಟ್ರೀಟ್‌ಮೆಂಟ್‌ಗೆ ಹೋಗುತ್ತೆ. ಮಾರನೇ ದಿನ ಗ್ರೈಂಡಿಂಗ್‌ಗೆ ಇನ್ನೊಬ್ಬರ ಹತ್ತಿರ. ಸಂಜೆ ತುಕ್ಕು ಹಿಡೀದ ಹಾಗೆ ಸತು ಲೇಪಿಸೋ ಝಿಂಕ್ ಪ್ಲೇಟಿಂಗ್‌ಗೆ ಮತ್ತೊಬ್ಬರ ಹತ್ತಿರ. ಮಳೆಗಾಲದಲ್ಲಿ ಎಂಎಸ್ (ಮೈಲ್ಡ್ ಸ್ಟೀಲ್) ಪೀಸು ತೊಳೆದು ಒಂದು ರಾತ್ರಿ ಹಾಗೇ ಇಟ್ಟರೆ ಬೆಳಗ್ಗೆ ತುಕ್ಕಿನ ಚುಕ್ಕೆ ಗ್ಯಾರಂಟಿ. ಇದೆಲ್ಲ ಎರಡು ಕಿಲೋಮೀಟರ್ ಒಳಗೆ ನಡೆಯೋದು. ಮಗಳ ಪಟ್ಟಿಯಲ್ಲಿ ಇದು ಯಾವ ಅಂಶಕ್ಕೆ ಬರುತ್ತೆ? ಹಾಗೆ ಹೋದವರು, ವಾಪಸ್ ಬಂದವರು ಯಾರಾದ್ರೂ ಇದ್ರೆ ಹೇಳಿ.

ಬೆಂಕಿಪುರದವನು

ಪಠ್ಯಪುಸ್ತಕದ ಪಟ್ಟಿ ಕಾರ್ಖಾನೆಯ ಜಾತಕ ಇದ್ದಂಗೆ ಸಾರ್. ಹುಟ್ಟಿದ ಘಳಿಗೆ ಸರಿಯಾಗೇ ಹೇಳುತ್ತೆ, ಆಮೇಲಿನ ಬದುಕು ಹೇಳಲ್ಲ.

ನಮ್ಮೂರು ಭದ್ರಾವತಿ. ಹಳೇ ಹೆಸರು ಬೆಂಕಿಪುರ. ಕುಲುಮೆ ಬಂದಮೇಲೆ ಆ ಹೆಸರು ಬಂತು ಅಂತ ಹೊರಗಿನವರು ತಿಳ್ಕೊಳ್ತಾರೆ, ಹಾಗಲ್ಲ, ಹೆಸರೇ ಮೊದಲು. 1918ರ ಹೊತ್ತಿಗೆ ಮೈಸೂರು ಸರ್ಕಾರ ಕಬ್ಬಿಣದ ಕಾರ್ಖಾನೆ ಕಟ್ಟೋದು ಅಂತ ನಿಶ್ಚಯ ಮಾಡಿದಾಗ ಇಲ್ಲಿ ಏನಿತ್ತು ನೋಡಿ. ಕೆಮ್ಮಣ್ಣುಗುಂಡಿಯಲ್ಲಿ ಅದಿರು, ಭದ್ರಾ ಹೊಳೆ, ಹತ್ತಿರದಲ್ಲೇ ಸುಣ್ಣಕಲ್ಲು, ಬೀರೂರು–ಶಿವಮೊಗ್ಗ ರೈಲು. ಇಲ್ಲದ್ದು ಒಂದೇ, ಕಲ್ಲಿದ್ದಲು. ಅದು ಬರಬೇಕಿದ್ದರೆ ದೇಶದ ಆ ತುದಿಯಿಂದ ಬರಬೇಕಿತ್ತು. ಅದಕ್ಕೆ ಕಾಡನ್ನೇ ಕಲ್ಲಿದ್ದಲು ಮಾಡಿಕೊಂಡರು. ಕಾಡೊಳಗೆ ಟ್ರಾಮ್ ಹಳಿ ಹಾಕಿ ಮರ ತಂದು ಇದ್ದಿಲು ಸುಟ್ಟರು. ಒಂದು ಟನ್ ಇದ್ದಿಲಿಗೆ ನಾಲ್ಕೈದು ಟನ್ ಕಟ್ಟಿಗೆ ಬೇಕು, ಲೆಕ್ಕ ಹಾಕಿಕೊಳ್ಳಿ. ಸುಡುವಾಗ ಏಳೋ ಹೊಗೆಯನ್ನೂ ದಂಡ ಮಾಡಲಿಲ್ಲ. ಅದನ್ನ ಭಟ್ಟಿ ಇಳಿಸಿ ಸ್ಪಿರಿಟ್, ಟಾರು ತೆಗೆಯೋ ಘಟಕವನ್ನೇ ಕೂರಿಸಿದರು. 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ವಿಶ್ವೇಶ್ವರಯ್ಯನವರು ಆಗ ಕೆಲವು ವರ್ಷ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು.

ನನ್ನಜ್ಜ ಆ ಟ್ರಾಮ್ ಲೈನಿನ ಗ್ಯಾಂಗಿನಲ್ಲಿದ್ದರು. ಅಪ್ಪ ಫೌಂಡ್ರಿ. ಅಪ್ಪನ ಬಟ್ಟೆಗೆ ಮನೆಯಲ್ಲಿ ಬೇರೆ ಬಕೆಟ್ಟು. ಸೈರನ್ ಕೂಗಿದರೆ ಅಮ್ಮ ಗಡಿಯಾರ ನೋಡದೆ ಅಕ್ಕಿ ತೊಳೀತಿದ್ದಳು.

ವಿಷಯ ಏನಂದ್ರೆ, ಯಾವ ಕಾಡಿಗೋಸ್ಕರ ಅಲ್ಲಿ ಕಾರ್ಖಾನೆ ಬಂತೋ ಆ ಕಾಡು ತೆಳುವಾಗ್ತಾ ಬಂತು. ಅಷ್ಟರಲ್ಲಿ ಜೋಗದ ಕರೆಂಟ್ ಬಂತು, 1950ರ ದಶಕದಲ್ಲಿ ವಿದ್ಯುತ್ ಕುಲುಮೆ ಹಾಕಿದರು. ಕುಲುಮೆಯ ಕಿಟ್ಟ ಇದೆ ಅಂತ ಸಿಮೆಂಟು ಬಂತು. ಬಿದಿರು, ನೀರು ಎರಡೂ ಇದೆ ಅಂತ 1930ರ ದಶಕದಲ್ಲೇ ಕಾಗದದ ಕಾರ್ಖಾನೆ ಬಂದಿತ್ತು. ಮೊದಲನೇ ಕಾರಣ ಸತ್ತಮೇಲೂ ಊರು ಹೊಸ ಹೊಸ ಕಾರಣ ಹುಡುಕಿಕೊಂಡು ಬದುಕಿತು. 2023ರ ಜನವರಿಯಲ್ಲಿ, ಸರಿಯಾಗಿ ನೂರು ತುಂಬಿದ ತಿಂಗಳಲ್ಲೇ, ಮುಚ್ಚೋ ತೀರ್ಮಾನದ ಸುದ್ದಿ ಬಂತು. ಆ ದಿನ ಅಪ್ಪ ಟೀವಿ ಆರಿಸಿ ಹಿತ್ತಲಿಗೆ ಹೋದರು.

ಭೂಗೋಳ ಮಾಸ್ತರ, ಗದಗ

ನೋಡ್ರಿ, ಪಟ್ಟಿ ಬಾಯಿಪಾಠ ಮಾಡ್ಸೋರೊಳಗ ನಾನೂ ಒಬ್ಬಾಂವ, ಹಿಂಗಾಗಿ ಎದಿಗೆ ಚುಚ್ಚಿತು.

1909ರಾಗ ಜರ್ಮನಿಯ ಆಲ್ಫ್ರೆಡ್ ವೇಬರ್ ಅನ್ನಾವ್ರು ಇದಕ್ಕೊಂದು ಲೆಕ್ಕಾ ಹಾಕಿಟ್ರು. ಮೊದಲನೇ ಪ್ರಶ್ನಿ ಇಷ್ಟ: ನಿಮ್ಮ ಕಚ್ಚಾ ಸಾಮಾನು ತಯಾರ ಆಗೋದ್ರಾಗ ತೂಕ ಕಳಕೊಳ್ತದೋ ಇಲ್ಲೋ? ಕಳಕೊಳ್ತದಂದ್ರ ಕಾರ್ಖಾನಿ ಸಾಮಾನಿನ ಹಂತೇಕ ಹೋಗ್ತದ. ಹತ್ತು ಟನ್ ಕಬ್ಬು ಅರದ್ರ ಸಕ್ಕರಿ ಬರೂದು ಸುಮಾರು ಒಂದು ಟನ್. ಉಳದದ್ದು ನೀರು, ಸಿಪ್ಪಿ. ಆ ನೀರಿಗೆ, ಸಿಪ್ಪಿಗೆ ಯಾಂವ ಲಾರಿ ಬಾಡಿಗಿ ಕೊಡ್ತಾನ? ಮ್ಯಾಲ ಕಬ್ಬು ಕಡದು ಹೊತ್ತು ಹೋದಂಗೆಲ್ಲಾ ಒಳಗಿನ ಸಕ್ಕರಿ ಇಳೀತದ. ಮುಧೋಳ, ಅಥಣಿ ಕಡೆ ಹಂಗಾಮಿನ್ಯಾಗ ಹೋಗಿ ನೋಡ್ರಿ, ಗೇಟಿನ ಮುಂದ ಡಬಲ್ ಟ್ರೇಲರ್ ಸಾಲು. ಡ್ರೈವರ್ ಟ್ರೇಲರ್ ಕೆಳಗ ಮಲಗಿರ್ತಾನ, ರೈತ ಮ್ಯಾಲಿನ ಕಬ್ಬು ಮುಟ್ಟಿ ಮುಟ್ಟಿ ನೋಡ್ತಿರ್ತಾನ.

ಅಲ್ಲಿನೂ ಬರೀ ಭೂಗೋಳ ಇಲ್ರಿ. ಒಂದು ಸಕ್ಕರಿ ಕಾರ್ಖಾನಿಯಿಂದ ಇನ್ನೊಂದಕ್ಕ ಕನಿಷ್ಠ 15 ಕಿಲೋಮೀಟರ್ ಅಂತರ ಇರಬೇಕಂತ ಕೇಂದ್ರದ ಆದೇಶನ ಅದ. ಕಬ್ಬು ಇದ್ದಲ್ಲೆಲ್ಲಾ ಕಟ್ಟಲಿಕ್ಕೆ ಬರಂಗಿಲ್ಲ.

ಸಿಮೆಂಟಿನ ಕಥಿ ಇನ್ನೂ ಚಂದ. ಸುಣ್ಣಕಲ್ಲು ಸುಟ್ಟು ಮಾಡೂ ಗಟ್ಟಿಗೆ ಕ್ಲಿಂಕರ್ ಅಂತಾರ, ಅರದ್ರ ಸಿಮೆಂಟು. ಒಂದು ಟನ್ ಕ್ಲಿಂಕರಿಗೆ ಸುಮಾರು ಒಂದೂವರಿ ಟನ್ ಸುಣ್ಣಕಲ್ಲು ಬೇಕು. ಅದಕ್ಕ ಸೇಡಂ, ವಾಡಿ, ಮಳಖೇಡದಾಗ ಕಲ್ಲಿನ ಮ್ಯಾಲೇ ಕಾರ್ಖಾನಿ ಕುಂತಾವ. ಆದ್ರ ಕ್ಲಿಂಕರ್ ಪುಡಿ ಮಾಡೂವಾಗ ತೂಕ ಇಳಿಯಂಗಿಲ್ಲ, ಹಾರುಬೂದಿ ಕೂಡಿಸಿದ್ರ ಏರ್ತದ. ಹಿಂಗಾಗಿ ಅರಿಯೂ ಘಟಕ ಪ್ಯಾಟಿ ಕಡೆ, ಇಲ್ಲಾ ಬೂದಿ ಸಿಗೂ ಕರೆಂಟ್ ಸ್ಥಾವರದ ಕಡೆ. ಒಂದ ಸರಕು, ಎರಡು ಜಾಗಾ.

ನಿಮ್ಮ ಪ್ಲೇಟಿಂಗಿನವ್ರು ಯಾವ ಅಂಶ ಅಂದ್ರಿ? ವೇಬರ್ ಅದಕ್ಕೂ ಜಾಗಾ ಇಟ್ಟಿದ್ರು: ಒಂದ ಕಡೆ ಗುಂಪುಗೂಡೂದ್ರಿಂದ ಬರೋ ಉಳಿತಾಯ. ನಮ್ಮ ಪಾಠದಾಗ ಅದಕ್ಕ ಅರ್ಧ ಸಾಲು ಸಿಕ್ಕಿಲ್ಲ.

ಸುಮ್ನೆ ನೋಡ್ತಿದೀನಿ

ಎಲ್ಲಾ ಸರಿ, ಮಂತ್ರಿ ಕ್ಷೇತ್ರ ಅನ್ನೋ ಅಂಶ ಪಟ್ಟಿಯಲ್ಲಿ ಯಾಕಿಲ್ಲ ಮಾಸ್ತರೇ? ಬಳ್ಳಾರಿ ಹತ್ತಿರದ ತೋರಣಗಲ್ಲಿನಲ್ಲಿ 1971ರಲ್ಲೇ ಇಂದಿರಾ ಗಾಂಧಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದ್ರು. ಅದಿರೂ ಇತ್ತು, ನೀರೂ ಇತ್ತು, ರೈಲೂ ಇತ್ತು. ಕಾರ್ಖಾನೆ ಮಾತ್ರ ಬರಲಿಲ್ಲ. ಕಲ್ಲು ಇಪ್ಪತ್ತು ವರ್ಷ ಮಳೆಯಲ್ಲಿ ನೆನೀತು.

ಬಳ್ಳಾರಿ ಬಿಸಿಲು

ಆ ಕಲ್ಲಿನ ಕಥೆ ಕೇಳ್ತಾನೇ ಬೆಳೆದವ್ರು ನಾವು. ರಾಜಕೀಯ ಅಷ್ಟೇ ಅಂದ್ಬಿಟ್ರೆ ಅರ್ಧ ಸತ್ಯ ಆಗುತ್ತೆ ನೋಡಿ. ಇಲ್ಲಿ ಕೋಕ್ (ಕುಲುಮೆಗೆ ಹಾಕೋ ಸುಟ್ಟ ಕಲ್ಲಿದ್ದಲು) ಮಾಡೋ ಕಲ್ಲಿದ್ದಲು ಇಲ್ಲ, ಗಣಿ ತುಂಬಾ ಪುಡಿ ಅದಿರು. ಹಳೇ ಲೆಕ್ಕದಲ್ಲಿ ಇದು ಕಷ್ಟದ ಜಾಗವೇ.

ಆಮೇಲೆ ಬದಲಾಗಿದ್ದು ಎರಡು. ಒಂದು, ತಂತ್ರಜ್ಞಾನ. 1994ರಲ್ಲಿ ಶುರುವಾದ ಖಾಸಗಿ ಕಂಪನಿ, ಈಗಿನ ಜೆಎಸ್‌ಡಬ್ಲ್ಯು, ಮೊದಲು ಹಾಕಿದ್ದು ಕೋರೆಕ್ಸ್ ಅನ್ನೋ ಕುಲುಮೆ. ಅದಕ್ಕೆ ಒಳ್ಳೆ ಕೋಕ್ ಕಲ್ಲಿದ್ದಲನ್ನೇ ನಂಬಿ ಕೂರಬೇಕಾಗಿಲ್ಲ. ಎರಡು, ಹಡಗು. ಆಸ್ಟ್ರೇಲಿಯಾದ ಕಲ್ಲಿದ್ದಲು ಗೋವಾ ಬಂದರಿಗೆ ಇಳಿದು ಘಟ್ಟ ಹತ್ತಿ ರೈಲಲ್ಲಿ ಬರೋದು ಲೆಕ್ಕಕ್ಕೆ ಸರಿಹೋಯ್ತು. ಮೊದಲೆಲ್ಲ ಒಂದು ಟನ್ ಕಬ್ಬಿಣಕ್ಕೆ ಕಲ್ಲಿದ್ದಲೇ ರಾಶಿ ರಾಶಿ ಬೇಕಿತ್ತು, ಅದಕ್ಕೇ ಕಾರ್ಖಾನೆ ಕಲ್ಲಿದ್ದಲಿನ ಹತ್ತಿರ ಹೋಗ್ತಿತ್ತು. ಈಗ ಒಂದು ಟನ್ ಉಕ್ಕಿಗೆ ಅದಿರೇ ಒಂದೂವರೆ ಟನ್ ಮೇಲೆ, ಕಲ್ಲಿದ್ದಲು ಅದಕ್ಕಿಂತ ಕಡಿಮೆ. ತಕ್ಕಡಿ ಅದಿರಿನ ಕಡೆ ವಾಲಿತು. ಗಣಿಯಿಂದ ಕನ್ವೇಯರ್‌ನಲ್ಲೇ ಅದಿರು ಬರುತ್ತೆ. ವರ್ಷಕ್ಕೆ ಒಂದು ಕೋಟಿ ಟನ್‌ಗೂ ಮೀರಿ ಉಕ್ಕು ಮಾಡೋ ಜಾಗ ಈಗ ಇದು.

ನೀರಿನ ಮಾತು ಬೇರೆ. ತುಂಗಭದ್ರಾ ಸಾಲದೆ ಆಲಮಟ್ಟಿಯಿಂದ ಕೊಳವೆ ಎಳೆದು ತಂದಿದಾರೆ. ಬೇಸಿಗೆಯಲ್ಲಿ ನಮ್ಮ ಓಣಿಯ ನಲ್ಲಿ ಮುಂದೆ ಕೊಡದ ಸಾಲು ನಿಂತಾಗ ಆ ಕೊಳವೆ ನೆನಪಾಗದೆ ಇರಲ್ಲ.

ನೇತ್ರಾವತಿ ದಡ

ಮಾರಾಯ್ರೆ, ಹಂಚಿನ ಸುದ್ದಿ ಯಾರೂ ಎತ್ತಲಿಲ್ಲವಲ್ಲ! ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಹಾಕಿದ್ದು ಹೊಳೆಯ ಬದಿ. ಜೇಡಿ ಮಣ್ಣು ಹೊಳೆ ಬದಿಯ ಗದ್ದೆಯದ್ದು, ಸೌದೆ ಮೇಲಿನ ಕಾಡಿನಿಂದ ಹೊಳೆಯಲ್ಲೇ ಇಳಿದು ಬರುವುದು, ಸುಟ್ಟ ಹಂಚು ಅದೇ ನೀರಿನ ಮೇಲೆ ಮಂಜಿಗೆ (ಸರಕಿನ ಹಾಯಿಹಡಗು), ಅಲ್ಲಿಂದ ಬೊಂಬಾಯಿಗೆ. ಹಂಚಿಗೆ ಎತ್ತಿನ ಗಾಡಿ ಆಗುವುದಿಲ್ಲ. ಗುಂಡಿ ರಸ್ತೆಯಲ್ಲಿ ಹತ್ತು ಮೈಲಿ ಹೋದರೆ ಅರ್ಧ ಒಡೆದು ಹಾಳು. ನೀರಿನ ಮೇಲೆ ಹೋದರೆ ಒಂದೂ ಅಲುಗುವುದಿಲ್ಲ. ತೂಕ, ಕರೆಂಟು ಎಲ್ಲ ಇರಲಿ, ಒಡೆಯುವ ಸರಕಿನ ಲೆಕ್ಕವೇ ಬೇರೆ ಉಂಟು.

ನಮ್ಮ ಮನೆಯ ಮಾಡಿನ ಹಂಚು ತಿರುಗಿಸಿದರೆ ಈಗಲೂ ಹಿಂದೆ ಕಾರ್ಖಾನೆಯ ಹೆಸರು ಕಾಣ್ತದೆ. ಕಾರ್ಖಾನೆಗಳು ಒಂದೊಂದೇ ಮುಚ್ಚಿದವು. ಮಣ್ಣು ಸಿಗುವುದು ಕಷ್ಟವಾಯಿತು, ಜನ ಆರ್‌ಸಿಸಿ ಹಾಕಿಸಿದರು. ಚಿಮಣಿ ಇದ್ದ ಜಾಗದಲ್ಲಿ ಈಗ ಫ್ಲ್ಯಾಟು. ಹೊಳೆ ಬದಿ ಅಂತ ಅದಕ್ಕೂ ರೇಟು ಜಾಸ್ತಿ!

ಅತ್ತಿಬೆಲೆ ಗೇಟು

ಪೀಣ್ಯ ಸಾರ್, ನೀವು ತುಮಕೂರು ಕಡೆ ನೋಡ್ತಿದೀರಾ, ಒಂದ್ಸಲ ಹೊಸೂರು ಕಥೆ ಕೇಳಿ. ನಾನು ಇಪ್ಪತ್ತು ವರ್ಷದಿಂದ ಬೊಮ್ಮಸಂದ್ರದಿಂದ ಗಡಿ ದಾಟಿ ಕೆಲಸಕ್ಕೆ ಹೋಗೋನು.

ಎಪ್ಪತ್ತರ ದಶಕದಲ್ಲಿ ತಮಿಳುನಾಡು ಸರ್ಕಾರ ಹೊಸೂರಲ್ಲಿ ಸಿಪ್ಕಾಟ್ ಅನ್ನೋ ಇಂಡಸ್ಟ್ರಿಯಲ್ ಏರಿಯಾ ಮಾಡಿತು. ಆಗ ಅದು ಧರ್ಮಪುರಿ ಜಿಲ್ಲೆ, ಹಿಂದುಳಿದ ಪ್ರದೇಶ, ಅದರ ರಿಯಾಯಿತಿಗಳೆಲ್ಲ ಸಿಗ್ತಿದ್ದವು. ಚೆನ್ನೈ ಮುನ್ನೂರು ಕಿಲೋಮೀಟರ್ ದೂರ, ಬೆಂಗಳೂರು ನಲವತ್ತು. ಭೂಮಿ, ರಿಯಾಯಿತಿ ಅವರದ್ದು, ಎಂಜಿನಿಯರು, ಸ್ಕೂಲು, ವಿಮಾನ ನಿಲ್ದಾಣ ನಮ್ಮದು. ಅಶೋಕ್ ಲೇಲ್ಯಾಂಡ್, ಟಿವಿಎಸ್ ಬಂದವು. 1984ರಲ್ಲಿ ಟಾಟಾದವರು ತಮಿಳುನಾಡು ಸರ್ಕಾರದ ನಿಗಮ ಟಿಡ್ಕೋ ಜೊತೆ ಸೇರಿ ಟೈಟನ್ ಮಾಡಿದ್ರು. ಫ್ಯಾಕ್ಟರಿ ಹೊಸೂರಲ್ಲಿ, ಹೆಡ್ ಆಫೀಸು ಬೆಂಗಳೂರಲ್ಲಿ. ಕೈಗಡಿಯಾರಕ್ಕೆ ಕಚ್ಚಾವಸ್ತು ಎಷ್ಟು ತೂಕ ಬರುತ್ತೆ ಹೇಳಿ ಮಾಸ್ತರೇ? ಜೇಬಲ್ಲಿ ತುಂಬ್ಕೊಂಡು ಬರಬಹುದು. ಇದೇ ಆಟ ಆಂಧ್ರದವರು ಪೆನುಕೊಂಡದಲ್ಲಿ ಆಡಿದ್ರು. ಅಲ್ಲಿ ಕಿಯಾ ಕಾರು 2019ರಲ್ಲಿ ಲೈನಿಂದ ಇಳೀತು.

ಗಡಿ ಅನ್ನೋದೂ ಒಂದು ಖರ್ಚಾಗಿತ್ತು. ಜಿಎಸ್‌ಟಿ ಬರೋ ಮುಂಚೆ ಸಿ ಫಾರ್ಮ್ ಅನ್ನೋ ಹೊರರಾಜ್ಯದ ಮಾರಾಟ ತೆರಿಗೆ ಕಾಗದ, ಚೆಕ್‌ಪೋಸ್ಟಲ್ಲಿ ಲಾರಿ ಸಾಲು, ಒಂದು ಸೀಲ್ ಇಲ್ಲ ಅಂದ್ರೆ ರಾತ್ರಿಯೆಲ್ಲಾ ಅಲ್ಲೇ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂತು, 2018ರಿಂದ ಮೊಬೈಲಲ್ಲಿ ಇ-ವೇ ಬಿಲ್ ತೋರಿಸಿ ಹೋಗ್ತಾ ಇರೋದೇ. ಗಡಿ ಕಾಣೋದು ಈಗ ಬೋರ್ಡಲ್ಲಿ ಮಾತ್ರ.

ಜಾಲಹಳ್ಳಿ ಹಳಬ

ಪೀಣ್ಯ ಪೀಣ್ಯ ಆಗಿದ್ದು ಹೇಗೆ ಅಂತ ಯಾರೂ ಕೇಳ್ತಿಲ್ಲ, ಅದನ್ನ ನಾನು ಹೇಳ್ಬೇಕು.

ಬೆಂಗಳೂರಲ್ಲಿ ಕಬ್ಬಿಣ ಇಲ್ಲ, ಕಲ್ಲಿದ್ದಲಿಲ್ಲ, ಸಮುದ್ರ ಇಲ್ಲ, ಹೇಳ್ಕೊಳ್ಳೋಕೊಂದು ಹೊಳೆಯೂ ಇಲ್ಲ. ಇದ್ದಿದ್ದು ಕರೆಂಟು. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಎಳೆದ ಲೈನಿನ ಕೃಪೆಯಿಂದ 1905ಕ್ಕೆ ಬೆಂಗಳೂರಿಗೂ ಬಂತು. ಯುದ್ಧದ ಕಾಲದಲ್ಲಿ, 1940ರಲ್ಲಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆ ಹಾಕ್ತೀನಿ ಅಂದಾಗ ಮೈಸೂರು ಸಂಸ್ಥಾನ ಜಾಗ ಕೊಟ್ಟಿತು, ದುಡ್ಡೂ ಹಾಕಿತು. ಎಚ್‌ಎಎಲ್ ಬಂತು. ಹಿಂದೆನೇ 1948ರಲ್ಲಿ ಟೆಲಿಫೋನ್ ಮಾಡೋ ಐಟಿಐ, 1953ರಲ್ಲಿ ಮಷಿನ್ ಟೂಲ್ ಮಾಡೋ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸ್ ಮಾಡೋ ಬಿಇಎಲ್. ಕರಾವಳಿಯಿಂದಲೂ ಗಡಿಯಿಂದಲೂ ದೂರ ಅನ್ನೋದು ಆಗ ದೊಡ್ಡ ಗುಣ.

ಉಕ್ಕು ಜಮ್ಶೆಡ್‌ಪುರದಿಂದ ಬರ್ಬೇಕಲ್ಲ ಅಂತೀರಾ? ಐವತ್ತರ ದಶಕದಿಂದ ತೊಂಬತ್ತರ ದಶಕದ ಆರಂಭದವರೆಗೆ ಸರಕು ಸಾಗಣೆ ಸಮೀಕರಣ ಅಂತ ಇತ್ತು. ಉಕ್ಕಿಗೆ ಜಮ್ಶೆಡ್‌ಪುರದಲ್ಲೂ ಒಂದೇ ರೇಟು, ಬೆಂಗಳೂರಲ್ಲೂ ಒಂದೇ ರೇಟು. ಬಿಹಾರದವರಿಗೆ ಗಣಿಯ ಧೂಳು ಉಳೀತು, ನಮಗೆ ಲೇತು ಬಂತು. ಇದನ್ನ ನಾವು ಅಷ್ಟಾಗಿ ಮಾತಾಡಲ್ಲ.

ನಮ್ಮ ಜೊತೆ ಟ್ರೈನಿಂಗ್‌ನಲ್ಲಿ ಫೈಲು, ಅಂದ್ರೆ ಅರ ಹಿಡಿದು ಕಬ್ಬಿಣದ ಚೌಕ ಉಜ್ಜಿದ ಹುಡುಗರೇ ಎಪ್ಪತ್ತು–ಎಂಬತ್ತರಲ್ಲಿ ಹೊರಗೆ ಹೋಗಿ ಪೀಣ್ಯದಲ್ಲಿ ಶೆಡ್ ಹಾಕಿದ್ದು. ಮೊದಲ ಆರ್ಡರು ಹಳೇ ಸಾಹೇಬರಿಂದಲೇ. ಎಚ್‌ಎಂಟಿ ಮಷಿನ್ ಟೂಲ್ಸ್ ಮಂಕಾಯ್ತು, ವಾಚಂತೂ ನಿಂತೇ ಹೋಯ್ತು. ಆದರೆ ಮೈಕ್ರೋಮೀಟರ್ ಹಿಡಿಯೋ ಕೈ ಈ ಏರಿಯಾ ಬಿಟ್ಟು ಹೋಗಲಿಲ್ಲ.

ಪೀಣ್ಯ ಸೆಕೆಂಡ್ ಸ್ಟೇಜ್

ಜಾಲಹಳ್ಳಿ ಅಣ್ಣಾ, ನಮ್ಮಪ್ಪನೂ ಅದೇ ಫೈಲು ಹಿಡಿದವರು. ಮನೆಯಲ್ಲಿ ಆ ಉಜ್ಜಿದ ಚೌಕ ಈಗಲೂ ಪೇಪರ್‌ವೇಟ್. ಮಾಸ್ತರೇ, "ಗುಂಪುಗೂಡುವಿಕೆ" ಅಂತ ಮಗಳ ನೋಟ್ಸಲ್ಲಿ ಬರೆಸಿದೆ. ಮಾರ್ಕ್ಸ್ ಸ್ಕೀಮಲ್ಲಿ ಇಲ್ಲ ಅಂತ ಹೊಡೆದುಹಾಕಿದ್ಲು.

ಸಿ ಫಾರ್ಮ್ ವಿಷಯ ನಿಜ. ಆದರೆ ಹೊಸೂರಿಗೆ ಹೋಗೋ ಶಕ್ತಿ ನನಗಿಲ್ಲ, ಅಲ್ಲಿನ ಬಾಡಿಗೆಯೂ ಪೀಣ್ಯದ ತಮ್ಮನೇ.

ಚನ್ನರಾಯಪಟ್ಟಣ ಹೋಬಳಿ

ಎಲ್ರೂ ಕಾರ್ಖಾನೆ ಎಲ್ಲಿಗೆ ಹೋಗಬೇಕು ಅಂತೀರಾ, ಅದು ಬಂದು ಕೂರೋ ನೆಲದಲ್ಲಿ ಆಗಲೇ ಯಾರೋ ಇದಾರೆ ಅನ್ನೋದು ಪಟ್ಟಿಯಲ್ಲಿ ಯಾರೂ ಬರೀಲಿಲ್ಲ. ದೇವನಹಳ್ಳಿ ತಾಲೂಕಿನ ನಮ್ಮ ಹೋಬಳಿಯಲ್ಲಿ 1,777 ಎಕರೆ ಬೇಕು ಅಂದ್ರು. ವಿಮಾನ ನಿಲ್ದಾಣ ಹತ್ತಿರ, ಹೈವೇ ಹತ್ತಿರ, ಎಲ್ಲಾ ಟಿಕ್ಕೂ ನಮ್ಮ ಜಮೀನಿಗೇ. ಅಲ್ಲಿ ದ್ರಾಕ್ಷಿ, ರೇಷ್ಮೆ, ತರಕಾರಿ ಬೆಳೆಯೋ ಜನ ಮೂರು ವರ್ಷಕ್ಕೂ ಮೇಲೆ ಧರಣಿ ಕೂತ್ರು. 2025ರ ಜುಲೈಯಲ್ಲಿ ಸರ್ಕಾರ ಕೈಬಿಟ್ಟಿತು. ಪಶ್ಚಿಮ ಬಂಗಾಳದ ಸಿಂಗೂರಿನಿಂದ ನ್ಯಾನೋ ಕಾರು 2008ರಲ್ಲಿ ಗುಜರಾತಿನ ಸಾನಂದಕ್ಕೆ ಎದ್ದು ಹೋದಾಗ ಸರ್ಕಾರದ ನೀತಿ ಅಂತ ಬರೆದ್ರಿ. ಜಮೀನು ಬಿಡಲ್ಲ ಅಂತ ಕೂತ ಸಿಂಗೂರಿನ ರೈತರು ಯಾವ ಅಂಶಕ್ಕೆ ಬರ್ತಾರೆ?

ಸೆಟ್ಟರ್

ನಾನು ಓನರ್ ಅಲ್ಲ, ಸಿಎನ್‌ಸಿ ಸೆಟ್ಟರ್, ಮಷಿನ್ ಹೊಂದಿಸಿ ಕೊಡೋನು. ಊರು ಹಾವೇರಿ ಕಡೆ. ಹೋದ ಕಂಪನಿಯವರು ಹೀಗೇ ಊರಾಚೆ ಶಿಫ್ಟ್ ಮಾಡಿದ್ರು, ಹೆಸರು ಬೇಡ. ಹದಿನಾಲ್ಕು ಜನದಲ್ಲಿ ಹೋದವರು ಐದು. ಮೂರು ತಿಂಗಳಿಗೆ ನಾನೂ ವಾಪಸ್.

ಸಂಬಳ ಐನೂರು ಜಾಸ್ತಿನೇ ಕೊಟ್ಟಿದ್ರು. ಆದ್ರೆ ಹೆಂಡ್ತಿ ಇಲ್ಲಿ ಗಾರ್ಮೆಂಟ್ಸ್‌ಗೆ ಹೋಗ್ತಾಳೆ. ಅಲ್ಲಿ ಗಾರ್ಮೆಂಟ್ಸ್ ಇಲ್ಲ. ಅಂದ್ರೆ ಮನೆಗೆ ಬರೋ ಎರಡು ಸಂಬಳದಲ್ಲಿ ಒಂದು ಹೋಯ್ತು. ಮಗುಗೆ ಜ್ವರ ಬಂದ್ರೆ ಇಎಸ್‌ಐ ಆಸ್ಪತ್ರೆ ಇಲ್ಲಿ. ಸೆಕೆಂಡ್ ಶಿಫ್ಟ್ ಮುಗಿಯೋದು ರಾತ್ರಿ ಹತ್ತೂವರೆ, ಕೊನೇ ಬಸ್ಸು ಒಂಬತ್ತೂಮುಕ್ಕಾಲು. ಶೆಡ್ಡಿನ ಮೂಲೇಲಿ ಕಾರ್ಡ್‌ಬೋರ್ಡ್ ಹಾಸ್ಕೊಂಡು ಮಲಗ್ತಿದ್ವಿ. ಕೂಲೆಂಟ್ ವಾಸನೆ ನಿದ್ದೇಲೂ ಬರ್ತಿತ್ತು.

ಇನ್ನೊಂದು ಮಾತು. ಇಲ್ಲಿ ಕೆಲಸ ಬಿಟ್ರೆ ಮಧ್ಯಾಹ್ನಕ್ಕೆ ಪಕ್ಕದ ರಸ್ತೇಲಿ ಕೆಲಸ. ಅಲ್ಲಿ ಬಿಟ್ರೆ ಊರಿಗೇ ಹೋಗ್ಬೇಕು. ಆ ಧೈರ್ಯಕ್ಕೇ ನಾವು ಪೀಣ್ಯದಲ್ಲಿರೋದು. ಸಾರ್, ಶೆಡ್ ನೋಡೋಕೆ ಹೋದಾಗ ನಿಮ್ಮ ಹುಡುಗರಲ್ಲಿ ಒಬ್ಬನನ್ನ ಕರ್ಕೊಂಡು ಹೋಗಿದ್ರಾ?

ಪೀಣ್ಯ ಸೆಕೆಂಡ್ ಸ್ಟೇಜ್

ಕರ್ಕೊಂಡು ಹೋಗಿರಲಿಲ್ಲ. ಓದಿ ನಾಚಿಕೆ ಆಯ್ತು. ಶನಿವಾರ ಸೀನಿಯರ್ ಆಪರೇಟರ್‌ನ ಬೈಕಲ್ಲೇ ಕೂರಿಸ್ಕೊಂಡು ಹೋದೆ. ನಾನು ಫ್ಲೋರ್, ಕ್ರೇನ್, ಮೀಟರ್ ನೋಡ್ತಿದ್ರೆ ಅವನು ಗೇಟಿನ ಹೊರಗೆ ಹೋಗಿ ಟೀ ಅಂಗಡಿಯಲ್ಲಿ ಕಾಲು ಗಂಟೆ ನಿಂತಿದ್ದ. ವಾಪಸ್ ಬರ್ತಾ ನೆಲಮಂಗಲ ದಾಟೋವರೆಗೂ ಮಾತಿಲ್ಲ. ಆಮೇಲೆ ಹೇಳಿದ: ಹತ್ತಿರದ ಹಳ್ಳಿಯಲ್ಲಿ ಐಟಿಐ ಮುಗಿಸಿದ ಹುಡುಗರು ಇದಾರಂತೆ, ಬೆಳಗ್ಗೆ ಬಸ್ಸು ಹಿಡಿದು ಪೀಣ್ಯಕ್ಕೇ ಬರ್ತಾರಂತೆ. "ಅವ್ರನ್ನ ಅಲ್ಲೇ ತಗೊಳ್ಳಿ ಅಣ್ಣ. ನಾನು ಆರು ತಿಂಗಳು ಬಂದು ಕಲಿಸಿಕೊಡ್ತೀನಿ. ಆಮೇಲೆ ಬರಲ್ಲ."

ಅದಕ್ಕೆ ಪೂರ್ತಿ ಎದ್ದು ಹೋಗೋದು ಬೇಡ ಅಂದ್ಕೊಂಡಿದೀನಿ. ವಿಎಂಸಿ, ಅಪ್ಪನ ಲೇತು, ಬಿಡಿ ಬಿಡಿಯಾಗಿ ಬರೋ ಅರ್ಜೆಂಟ್ ಕೆಲಸ ಇಲ್ಲೇ, ಇನ್ನೂ ಚಿಕ್ಕ ಶೆಡ್ಡಲ್ಲಿ. ದಿನಾ ಒಂದೇ ಪಿನ್ ಓಡೋ ಎರಡು ಸಿಎನ್‌ಸಿ ಅಲ್ಲಿಗೆ. ಉಳಿದಿದ್ದು ಪ್ಲೇಟಿಂಗ್. ನಮ್ಮ ಪ್ಲೇಟಿಂಗ್‌ನವರನ್ನ ಕೇಳಿದೆ. ವಾರಕ್ಕೆ ಒಂದೂವರೆ ಟನ್ ಮಾಲು ಇದ್ರೆ ದಿನ ಬಿಟ್ಟು ದಿನ ಅವರದೇ ಗಾಡಿ ಕಳಿಸ್ತಾರಂತೆ, ಮಳೆಗಾಲಕ್ಕೆ ತುಕ್ಕಿನ ಎಣ್ಣೆ ಡ್ರಮ್ಮೂ ಕೊಡ್ತಾರಂತೆ. ನಂದು ವಾರಕ್ಕೆ ಆರುನೂರು ಕೆಜಿ ಆಗುತ್ತೆ, ಜಾಸ್ತಿ ಅಂದ್ರೆ ಏಳುನೂರು.

ಆ ಕಡೆ ಹೋಗೋ ಯೋಚನೆ ಇರೋ ಟರ್ನಿಂಗ್ ಶಾಪಿನವರು ಇಲ್ಲಿ ಇನ್ನಿಬ್ಬರು ಸಿಕ್ತಾರಾ? ಎಂಎಸ್, ಝಿಂಕ್ ಬ್ಲೂ (ನೀಲಿ ಛಾಯೆಯ ಸತುವಿನ ಲೇಪ) ಆದ್ರೆ ಒಂದೇ ಬ್ಯಾಚಲ್ಲಿ ಹೋಗುತ್ತೆ.

ಸುಮ್ನೆ ನೋಡ್ತಿದೀನಿ

ನಂದು ವಾರಕ್ಕೆ ನಾನೂರು ಕೆಜಿ. ಆದ್ರೆ ಝಿಂಕ್ ಯೆಲ್ಲೋ. ನಡೆಯುತ್ತಾ?